ಜೋಡಿ ಸಂಚಕಾರ

“ಎಲಿ ಮ್ಯಾಲೆ ಅಡಿಕಿ ಇಡು. ಅದರ ಮ್ಯಾಲೆ ರೊಕ್ಕ. ಹಾಂ... ಈಗ ಅವನ ಕೈಯಾಗ ಕೊಡವಾ,” ಎಂದ ದಲ್ಲಾಳಿ ನೀಲಪ್ಪ.

ಗೀತಾಂಜಲಿ ಎರಡೂ ಕೈ ಚಾಚಿದಳು. ಎದುರಿಗಿದ್ದ ಹನಮೇಶ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡ. ಸಾಲದೆನಿಸಿ ಮತ್ತೊಮ್ಮೆ ಒರೆಸಿಕೊಂಡ. ಎಲೆಯ ಕೆಳಗೆ ಬೆರಳಿಗೆ ಬೆರಳು ತಾಗಿತು. ಅವನು ಕಣ್ಣು ತಗ್ಗಿಸಿದ. ಯಾಕೋ ಅವಳೆದೆ ಡವಗುಟ್ಟಿತು!

ಅವರು ನಿಂತಿದ್ದ ತಾರಿಹಾಳದ ಆ ಖಾಲಿ ಶೆಡ್ಡು ಹನಮೇಶನದು. ಪಕ್ಕದಲ್ಲೇ ಅವನ ಮಶೀನು ರಿಪೇರಿ ಅಂಗಡಿ. ಗೀತಾಂಜಲಿಗೆ ರೊಟ್ಟಿ ಬಡಿಯಲು ಜಾಗ ಬೇಕಿತ್ತು. ಓಣಿಯ ಹೆಂಗಸರೆಲ್ಲ ಕೂತು ಬಡಿಯಲು ಅವ್ವನ ಅಡುಗೆಮನೆ ಸಾಲುತ್ತಿರಲಿಲ್ಲ. ಆ ಹೆಂಗಸರೇ ಕೂಡಿಸಿಕೊಟ್ಟ ಮುಂಗಡವೇ ಈ ಸಂಚಕಾರ.

“ಕೊಟ್ಟಾಕಿ ಮಾತು ಮುರದ್ರ ಸಂಚಕಾರ ಹೋತು. ತಗೊಂಡಾಂವ ಮುರದ್ರ ಜೋಡಿ, ಅಂದ್ರ ಎರಡರಷ್ಟು, ತಿರುಗಿ ಕೊಡಬೇಕು,” ನೀಲಪ್ಪ ಬೆರಳೆತ್ತಿದ. “ಆಮ್ಯಾಲೆ ನನ್ನ ಮುಂದ ಅಳಬ್ಯಾಡ್ರಿ ಮತ್ತ!”

“ಒಲಿ ಎಲ್ಲಿ ಇಡ್ತೀರಿ?” ಹನಮೇಶ ಮೆಲ್ಲಗೆ ಕೇಳಿದ.

“ಆ ಮೂಲ್ಯಾಗ್ರಿ. ಅಲ್ಲಿ ಕತ್ತಲಿ ಭಾಳ ಐತಿ. ಒಂದು ಕಿಟಕಿ ಇದ್ದಿದ್ರ...” ಎಂದವಳು ತಡೆದಳು. ಬಾಡಿಗೆಗೆ ಬಂದವಳು ಗೋಡೆ ಒಡೆಯಲು ಹೇಳುವುದೇ?

ಅಮಾವಾಸ್ಯೆ ಕಳೆದ ಮೇಲೆ ಕೀಲಿ ಕೊಡುವುದೆಂದಾಯಿತು.

ಅಮಾವಾಸ್ಯೆಗೆ ಮುಂಚೆಯೇ ಗೋಕುಲ ರಸ್ತೆಯ ಖಾನಾವಳಿಯಿಂದ ಸುದ್ದಿ ಬಂತು. ಅವಳ ರೊಟ್ಟಿಗೆಲ್ಲ ಅದೊಂದೇ ಗಿರಾಕಿ. ಈಗ ಅಲ್ಲಿಗೆ ರೊಟ್ಟಿ ಮಾಡುವ ಮಶೀನೇ ಬಂದಿತ್ತು!

ಇನ್ನು ಶೆಡ್ಡು ಯಾಕೆ? ಹೆಂಗಸರ ಹಣ ಮುಳುಗಿತು. ಯಾವ ಮುಖದಿಂದ ಅವರಿಗೆ ಹೇಳಲಿ? ನಾಳೆ ಹೋಗಿ ಮಾತು ಮುರಿದು ಬರಬೇಕು ಎಂದುಕೊಳ್ಳುತ್ತಿರುವಾಗಲೇ ನೀಲಪ್ಪ ಬಾಗಿಲಿಗೆ ಬಂದ.

“ತಗೋಳವಾ, ಜೋಡಿ ರೊಕ್ಕ. ಹನಮೇಶ ಮುರದಾನ.”

“ಯಾಕಂತ, ಕಾಕಾ?”

“ಅವನ್ನ ಕೇಳು. ನನ್ನ ಮುಂದ ಬಾಯಿ ಬಿಡವಲ್ಲ.”

ಅವ್ವ ಹುಲಿಗೆವ್ವ ಹಣವನ್ನು ಕಣ್ಣಿಗೊತ್ತಿಕೊಂಡಳು. ಗೀತಾಂಜಲಿಗೂ ಸಂತೋಷವಾಗಬೇಕಿತ್ತು... ಆಗಲಿಲ್ಲ. ಹೆಚ್ಚು ಬಾಡಿಗೆ ಕೊಡುವವರು ಸಿಕ್ಕರೇ? ಯಾರವರು? ಕಣ್ಣು ತಗ್ಗಿಸಿ ಸಂಚಕಾರ ಹಿಡಿದವನು ಇಷ್ಟು ಸುಲಭಕ್ಕೆ ಮಾತು ಮುರಿದನೇ?

ನೋಡಲೇಬೇಕು!

ಮರುದಿನ ಬಸ್ಸಿಳಿದು ನಡೆದಳು. ದಾರಿಯಲ್ಲಿ ಚಹಾದ ಗಾಡಿಯ ಸುತ್ತ ಕಾರ್ಖಾನೆಯ ಮಂದಿ ನಿಂತು ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದರು. ಮಧ್ಯಾಹ್ನದ ಊಟವೇ ಅದು. ಅವಳ ನಡಿಗೆ ತುಸು ನಿಧಾನವಾಯಿತು.

ಶೆಡ್ಡಿಗೆ ಹೊಸ ಬೋರ್ಡಿಲ್ಲ. ಒಳಗೆ ಸಾಮಾನಿಲ್ಲ. ಆ ಮೂಲೆಯಲ್ಲಿ ಮಾತ್ರ ಹೊಸ ಕಿಟಕಿ! ನೆಲದ ಮೇಲೆ ಹಾಸಿದಂತೆ ಬಿಸಿಲು. ಹನಮೇಶ ಕಿಟಕಿಗೆ ತಂತಿಯ ಜಾಲರಿ ಬಡಿಯುತ್ತಿದ್ದ.

“ಯಾರಿಗೆ ಕೊಟ್ರಿ ಶೆಡ್ಡು?”

ಅವನ ಕೈಯಿಂದ ಸುತ್ತಿಗೆ ಜಾರಿತು. “ಯಾರಿಗೂ ಇಲ್ರಿ.”

“ಮತ್ತ ಮುರದಿದ್ದು ಯಾಕ?”

ಅವನು ಬಗ್ಗಿ ಸುತ್ತಿಗೆ ಎತ್ತಿಕೊಂಡ. “ಖಾನಾವಳ್ಯಾಗ ಆ ಮಶೀನ ಕೂಡ್ಸಿದಾಂವ ನಾನರಿ. ಬೋಲ್ಟ್ ಬಿಗಿ ಮಾಡಿದ ಮ್ಯಾಲೆ ಮಾಲಕರು ಹೇಳಿದ್ರು, ಇನ್ನ ಗೀತಾಂಜಲಿ ರೊಟ್ಟಿ ಬ್ಯಾಡಂತ... ಹಂಗ ನೋಡಿದ್ರ, ಮುರದಾಂವ ನಾನ ಅಲ್ಲೇನ್ರಿ?”

ಅವಳ ಕೋಪ ಕರಗಿತು.

“ಕೊಟ್ಟಷ್ಟ ತಿರುಗಿ ಕಳಸಬಹುದಿತ್ತಲ್ಲ?”

“ನೀವು ಮುಟ್ಟತಿದ್ರೇನು? ದಾನ ಅಂತಿದ್ರಿ. ಜೋಡಿ ಆದ್ರ ಅದು ಸಂಚಕಾರದ ಕಾಯ್ದೆ.”

“ನಾನೂ ಮುರಿಯಾಕ ಬರೋಕಿನ ಇದ್ದೆರಿ,” ಎಂದಳು, ತಲೆ ತಗ್ಗಿಸಿ. ಸೆರಗಿನ ಗಂಟು ಬಿಚ್ಚಿ, ಹೆಚ್ಚಿಗೆ ಬಂದ ಹಣವನ್ನು ಅವನ ಕೈಲಿಟ್ಟಳು. “ಇದು ನಂದಲ್ಲ.”

ಅವನು ಬೇಡವೆನ್ನಲಿಲ್ಲ. ಹಾಗೆ ಅನ್ನದೇ ಇದ್ದದ್ದು ಅವಳಿಗೆ ಹಿಡಿಸಿತು.

“ಎಲ್ಲಾ ಮುರದ ಮ್ಯಾಲೆ ಕಿಟಕಿ ಯಾಕ್ರಿ?”

“ನೀವು ಬರತೀರಂತ ಅಲ್ರಿ...” ಅವನ ಕಿವಿ ಕೆಂಪಗಾಯಿತು. “ಅವತ್ತ ನೀವು ತೋರಿಸಿದ್ದ ಜಾಗಾ. ಕತ್ತಲ್ಯಾಗ ಬಿಡಾಕ ಮನಸ್ಸಾಗಲಿಲ್ಲ.”

ಗೀತಾಂಜಲಿ ಹೋಗಿ ಬಿಸಿಲಲ್ಲಿ ನಿಂತಳು. ಹೊರಗೆ ಚಹಾದ ಗಾಡಿ ಕಾಣುತ್ತಿತ್ತು.

“ಈ ಮಂದಿ ಬನ್ನಿನ ಮ್ಯಾಲೆ ದಿನಾ ಎಷ್ಟಂತ ಇರತಾರ? ಬಿಸಿ ರೊಟ್ಟಿ, ಪಲ್ಯ ಕೊಟ್ರ ಬ್ಯಾಡ ಅಂತಾರೇನು?” ಎಂದಳು ತನಗೆ ತಾನೇ. ಆಮೇಲೆ ಉಳಿದ ಹಣವನ್ನೂ ಅವನತ್ತ ಚಾಚಿದಳು. “ಹೊಸಾ ಸಂಚಕಾರ. ಹಿಡೀರಿ.”

“ನೀಲಪ್ಪ ಕಾಕಾನ್ನ ಕರೀಲೇನ್ರಿ?”

“ಶೆಡ್ಡಿನ ಮಾತಷ್ಟ ಆದ್ರ ಕರೀರಿ...” ಅವಳ ದನಿ ಸಣ್ಣದಾಯಿತು.

ಅವನು ಕರೆಯಲಿಲ್ಲ. ಅಂಗಿಗೆ ಕೈ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಈ ಸಲ ಬೆರಳು ತಾಗಿದಾಗ ಇಬ್ಬರೂ ಕೈ ತೆಗೆಯಲಿಲ್ಲ.

“ಮತ್ತ ಮುರದ್ರ?” ಅವಳು ಕೇಳಿದಳು.

“ರೊಕ್ಕ ಆದ್ರ ಜೋಡಿ ಕೊಡಬಹುದ್ರಿ. ಮನಸ್ಸು ನನ್ನ ಹತ್ರ ಒಂದ ಐತ್ರಿ.”

“ಹಂಗಾರ ಮುರೀಬ್ಯಾಡ್ರಿ.”