ಉತ್ತರಕ್ಕೆ ಬಾಂದುಕಲ್ಲು

"ಬ್ಯಾಚುಲರ್ಸ್‌ಗೆ ಮನೆ ಕೊಡಲ್ಲ," ಗೇಟಿನ ಚಿಲಕ ತೆಗೆಯುವ ಮೊದಲೇ ಅರ್ಪಿತ ಹೇಳಿದಳು.

ಹೊರಗೆ ನಿಂತಿದ್ದವನು ತಲೆಯ ಮೇಲಿದ್ದ ಟು-ಲೆಟ್ ಬೋರ್ಡನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

"ಮನೆ ಬೇಡ ಮೇಡಂ. ಅಳತೆ ಸಿಕ್ಕಿದ್ರೆ ಸಾಕು."

"ಅಳತೆನಾ?"

"ಭಾರ್ಗವ ಅಂತ. ಬ್ಯಾಂಕಿಂದ ಕಳಿಸಿದಾರೆ, ವ್ಯಾಲ್ಯುಯೇಶನ್‌ಗೆ. ಎಜುಕೇಶನ್ ಲೋನು..." ಒಂದು ಕ್ಷಣ ತಡೆದು, "ಬ್ಯಾಚುಲರ್ ಅಂದಿದ್ದು ಮಾತ್ರ ಕರೆಕ್ಟು," ಎಂದ.

ಅರ್ಪಿತ ನಗು ಬಂದದ್ದು ಕಾಣದಂತೆ ಚಿಲಕದ ಕಡೆ ಬಗ್ಗಿದಳು.

ಎಡಿನ್‌ಬರಾದಲ್ಲಿ ಅವಳಿಗೆ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿತ್ತು. ಜೂನ್ ಮೂವತ್ತರೊಳಗೆ ಡೆಪಾಸಿಟ್ ಕಟ್ಟದಿದ್ದರೆ ಆ ಸೀಟು ಇನ್ನೊಬ್ಬರದಾಗುತ್ತಿತ್ತು. ಡೆಪಾಸಿಟ್ಟಿಗೂ ವೀಸಾಕ್ಕೂ ಲೋನ್ ಬೇಕು. ಲೋನಿಗೆ ಅಡವಿಡಲು ಇದ್ದದ್ದು ಅಜ್ಜಿ ಸೊಣ್ಣಮ್ಮನ ಹೆಸರಿನಲ್ಲಿದ್ದ, ಹಳೆ ಸಾರಕ್ಕಿಯ ಈ ಮನೆಯೊಂದೇ. ಪತ್ರದಲ್ಲಿರುವ ಮನೆಯೂ ನೆಲದ ಮೇಲಿರುವ ಮನೆಯೂ ಒಂದೇ ಎಂದು ಈ ಎಂಜಿನಿಯರ್ ಬರೆದುಕೊಡಬೇಕಿತ್ತು.

ಅವನು ಅಂಗೈಯಗಲದ ಲೇಸರ್ ಮೀಟರ್ ತೆಗೆದ. ಕೆಂಪು ಚುಕ್ಕಿ ಕಾಂಪೌಂಡಿನ ಮೇಲೆ ಓಡಾಡಿ ಒಂದು ಬೂದುಹಸಿರು ಕಲೆಯ ಮೇಲೆ ನಿಂತಿತು.

"ಸ್ವಲ್ಪ ಪಕ್ಕಕ್ಕೆ ಇಡ್ತೀರಾ?" ಎಂದಳು ಅರ್ಪಿತ.

"ಯಾಕೆ, ಅದಕ್ಕೆ ನೋವಾಗುತ್ತಾ?"

"ಇಲ್ಲ. ಆದ್ರೂ ಪರಿಚಯದವರ ಮುಖಕ್ಕೆ ಟಾರ್ಚ್ ಹಿಡಿದ ಹಾಗಾಗುತ್ತೆ."

ಅವನು ತಕ್ಷಣ ಚುಕ್ಕಿ ಸರಿಸಿ, ಹತ್ತಿರ ಹೋಗಿ ಮಂಡಿಯೂರಿ ಕುಳಿತ. ಬ್ಯಾಂಕಿನ ಕೆಲಸಕ್ಕೆ ಬಂದವರು ಗೋಡೆಯ ಕಲೆಯ ಮುಂದೆ ಹೀಗೆ ಕೂರುವುದನ್ನು ಅವಳು ನೋಡಿರಲಿಲ್ಲ.

"ಏನಿದು?"

"ಕಲ್ಲುಹೂವು. ಇಂಗ್ಲಿಷಲ್ಲಿ ಲೈಕನ್. ನಾನು ಓದೋಕೆ ಹೋಗ್ತಿರೋದು ಇದನ್ನೇ. ನೋಡೋಕೆ ಒಂದೇ ಜೀವ, ಒಳಗೆ ಇಬ್ಬರು. ಒಂದು ಶಿಲೀಂಧ್ರ, ಒಂದು ಪಾಚಿ. ಶಿಲೀಂಧ್ರ ಮನೆ ಕಟ್ಟುತ್ತೆ, ಪಾಚಿ ಅಡುಗೆ ಮಾಡುತ್ತೆ."

"ಹೋಮ್ ಲೋನ್ ಯಾರ ಹೆಸರಲ್ಲಿ?"

ಈ ಸಲ ಅವಳು ನಗುವನ್ನು ಬಚ್ಚಿಡಲಿಲ್ಲ.

ಜಗುಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದ ಅಜ್ಜಿ ತಲೆಯೆತ್ತಿದಳು. "ಕಲ್ಲುಹೂವ ಓದಕ್ಕೆ ಇವ್ಳು ಇಮಾನ ಅತ್ಬೇಕಂತೆ ಕಣಪ್ಪಾ. ಶೆಟ್ರಂಗ್ಡೀಲಿ ಇಪ್ಪತ್ ರುಪಾಯಿಗೆ ಪೊಟ್ಣ ಕಟ್ಕೊಡ್ತಾರೆ. ಸಾರಿಗಾಕು ಅಂದ್ರೆ ಇವ್ಳು ಭೂತಗನ್ನಡಿ ಇಟ್ಕೊಂಡು ಕೂರ್ತಾಳೆ!"

ಕೆಲಸ ಕೆಟ್ಟದ್ದು ಕ್ರಯಪತ್ರ ಬಿಚ್ಚಿದಾಗ. ಭಾರ್ಗವ ಚಕ್ಕುಬಂದಿ ಓದಿದ. ನಿವೇಶನದ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಹೇಳುವ ನಾಲ್ಕು ಸಾಲು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ರಾಮಯ್ಯನವರ ಮನೆ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಬಾಂದುಕಲ್ಲು.

ಮೂರು ದಿಕ್ಕು ಸರಿಹೋಯಿತು. ಉತ್ತರದಲ್ಲಿ, ಸರ್ವೇಯವರು ಗಡಿಗೆಂದು ನೆಟ್ಟ ಆ ಕಲ್ಲೇ ಇರಲಿಲ್ಲ. ಅಲ್ಲಿದ್ದದ್ದು ಒಂದು ಕಿರಿದಾದ ಸಂದಿ, ಅದರಾಚೆ ನಾಲ್ಕಂತಸ್ತಿನ ಪಿಜಿ. ಸಂದಿಯ ಬಾಯಲ್ಲಿ ಸಿಮೆಂಟು ಕಟ್ಟೆಯ ಮೇಲೆ ಬೀದಿಯ ಮಾರಮ್ಮ, ಅರಿಶಿನ ಕುಂಕುಮದಲ್ಲಿ ಮುಳುಗಿದ್ದಳು. ಭಾರ್ಗವ ಶೂ ಬಿಚ್ಚಿ ಕೈಮುಗಿದು, ಅವಳನ್ನು ಬಳಸಿಕೊಂಡು ಒಳಗೆ ಹೋಗಿ, ಚರಂಡಿಯ ಚಪ್ಪಡಿಗಳನ್ನೂ ಬಿಡದೆ ಹುಡುಕಿದ.

"ಅಜ್ಜಿ, ಇಲ್ಲೊಂದು ಬಾಂದುಕಲ್ಲು ಇತ್ತಾ?"

"ಕಲ್ಲಾ?" ಅಜ್ಜಿ ಮೊರದ ಕಡೆ ನೋಡುತ್ತಾ, "ನಂಗೇನ್ ಗೊತ್ತಪ್ಪ," ಎಂದಳು.

ಅರ್ಪಿತ ಭಾರ್ಗವನ ಕಡೆ ತಿರುಗಿದಳು. "ಸಿಗದೇ ಇದ್ರೆ?"

"ಗಡಿ ಗುರುತಿಸಲಾಗಿಲ್ಲ ಅಂತ ಬರೀಬೇಕು. ಫೈಲು ವಾಪಸ್ ಬರುತ್ತೆ."

"ಇದೆ ಅಂತ ಬರೆದ್ರೆ ಯಾರು ಬಂದು ನೋಡ್ತಾರೆ?"

"ನಾನು ಬಂದು ನೋಡಿದೀನಲ್ಲ ಮೇಡಂ."

ಅವಳಿಗೆ ಸಿಟ್ಟು ಬಂತು. ಅವನು ಹೋದ ಮೇಲೂ ಆ ಮಾತು ಕಿವಿಯಲ್ಲೇ ಉಳಿಯಿತು. ಸಿಟ್ಟು ಮಾತ್ರ ಉಳಿಯಲಿಲ್ಲ, ಯಾಕೋ.

ರಿಪೋರ್ಟಿಗೆ ಶುಕ್ರವಾರ ಕಡೆಯ ದಿನ. ಬುಧವಾರ ಅವನು ಮತ್ತೆ ಬಂದ. ಇಬ್ಬರೂ ಸಂದಿಯನ್ನೆಲ್ಲ ಕೆದಕಿದರು. ಸಿಕ್ಕಿದ್ದು ಮೂರು ಕ್ರಿಕೆಟ್ ಬಾಲು, ಒಂದು ತುಕ್ಕು ಹಿಡಿದ ಬೀಗ.

ಕೈ ತೊಳೆದುಕೊಂಡು ಸಾರಕ್ಕಿ ಸಿಗ್ನಲ್ ಬಳಿಯ ದರ್ಶಿನಿಯಲ್ಲಿ ಬೈಟು ಕಾಫಿ ತೆಗೆದುಕೊಂಡರು. ಅವನು ಎರಡೂ ಲೋಟಗಳನ್ನು ಅಕ್ಕಪಕ್ಕ ಇಟ್ಟು, ಕಣ್ಣು ಕಾಫಿಯ ಮಟ್ಟಕ್ಕೆ ತಂದು ನೋಡಿ, ಅವಳ ಲೋಟಕ್ಕೆ ಇನ್ನೊಂದು ಗುಟುಕು ಸುರಿದ.

"ಇದನ್ನೂ ಅಳೀತೀರಾ?"

"ಅಭ್ಯಾಸ."

"ಆದ್ರೂ ನನಗೇ ಜಾಸ್ತಿ ಬಂತು."

"ಅದು ಅಭ್ಯಾಸ ಅಲ್ಲ."

ಅವಳು ಲೋಟವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತುಟಿಯ ಬಳಿ ಹಿಡಿದಿದ್ದಳು. ಅವನ ಹುಬ್ಬಿನ ಮೇಲೆ ಸಂದಿಯ ಮಣ್ಣಿನ ಒಂದು ಗೆರೆ ಉಳಿದಿತ್ತು.

"ನಿಮಗೆಲ್ಲೂ ಹೋಗ್ಬೇಕು ಅನ್ಸಲ್ವಾ?"

"ಕಳಿಸೋದೇ ನನ್ನ ಕೆಲಸ. ಈ ವರ್ಷ ಹದಿನೇಳು ಮನೆ ಅಳೆದೆ, ಹದಿನೇಳು ಜನ ಹೊರಟ್ರು. ಜಯನಗರದ ಅರ್ಧ ನಾನೇ ಖಾಲಿ ಮಾಡ್ಸಿದೀನಿ ಅಂತ ನಮ್ಮಮ್ಮ ಬೈತಾರೆ."

"ಹದಿನೆಂಟನೇದು?"

ಅವನು ಲೋಟದ ತಳ ನೋಡಿದ. "ಅದರ ಗಡಿಯೇ ಗೊತ್ತಾಗ್ತಿಲ್ಲ."

ಶುಕ್ರವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಮಾರಮ್ಮನಿಗೆ ನೀರು ಹಾಕುತ್ತಿದ್ದಳು. ಅರ್ಪಿತ ಕಟ್ಟೆಯ ಮೇಲೆ ಕುಳಿತು, ಎಡಿನ್‌ಬರಾಕ್ಕೆ ಬರೆಯಬೇಕಾದ ಕ್ಷಮಾಪಣೆಯ ಇಮೇಲನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಕಣ್ಣು ಮಾತ್ರ ಅಭ್ಯಾಸಬಲದಿಂದ ಮಾರಮ್ಮನ ಕಲ್ಲನ್ನು ನೋಡುತ್ತಿತ್ತು.

ಮುಂದೆಲ್ಲ ಎಣ್ಣೆ, ಅರಿಶಿನ. ಅಲ್ಲಿ ಏನೂ ಬೆಳೆದಿರಲಿಲ್ಲ. ಹಿಂಬದಿಯಲ್ಲಿ ಅಂಗೈಯಷ್ಟು ಅಗಲದ ಕಲ್ಲುಹೂವು. ಇಂಥದ್ದು ವರ್ಷಕ್ಕೆ ಒಂದು ಮಿಲಿಮೀಟರ್ ಹರಡಿದರೆ ಹೆಚ್ಚು. ಅಂದರೆ ಈ ಕಲ್ಲು ಹಲವಾರು ದಶಕಗಳಿಂದ ಇದೇ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದೆ. ಕಟ್ಟೆ ಆಮೇಲೆ ಬಂದದ್ದು. ಕುಂಕುಮವೂ ಆಮೇಲೆಯೇ ಇರಬೇಕು. ಅಜ್ಜಿ ಸುರಿದ ನೀರು ಕಲ್ಲಿನ ನೆತ್ತಿಯ ಮೇಲೆ ನಿಂತಿತ್ತು, ಅಡ್ಡಲಾಗಿ ಒಂದು ಗೆರೆ, ಉದ್ದಕ್ಕೆ ಒಂದು ಗೆರೆ.

ಅವಳು ಫೋನ್ ತೆಗೆದಳು. "ಭಾರ್ಗವ, ಬೇಗ ಬನ್ನಿ. ನೀವು ಕಲ್ಲಿಗೇ ಕೈಮುಗಿದು ಹೋಗಿದೀರ."

ಕಾಲು ಗಂಟೆಯಲ್ಲಿ ಅವನು ಬಂದ, ಇನ್ನೂ ಒದ್ದೆ ಕೂದಲು. ಶೂ ಬಿಚ್ಚಿ ಮಂಡಿಯೂರಿದ. ಅರ್ಪಿತ ಸೇವಂತಿಗೆಯನ್ನು ಮೆಲ್ಲಗೆ ಸರಿಸಿದಳು. ಇಬ್ಬರ ಬೆರಳೂ ಒಂದೇ ಗೆರೆಯನ್ನು ಹುಡುಕಿಕೊಂಡು ಹೋಗಿ ನಡುವೆ ಭೇಟಿಯಾದವು. ಯಾರೂ ಬೆರಳು ತೆಗೆಯಲಿಲ್ಲ.

"ಪ್ಲಸ್ ಗುರುತು," ಎಂದ ಅವನು ಮೆಲ್ಲಗೆ. "ಸರ್ವೇದೇ."

"ಕೈ ತೆಗೀರಿ, ಇಬ್ರೂವೆ," ಎಂದಳು ಹಿಂದಿನಿಂದ ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. ಚೊಂಬು ಕೆಳಗಿಟ್ಟು ಕಟ್ಟೆಯ ಅಂಚಿಗೆ ಕುಳಿತಳು. "ಊರೆಲ್ಲ ಬಿಲ್ಡಿಂಗ್ ಏಳ್ತಿದ್ ಕಾಲ ಕಣಪ್ಪ. ರಾತ್ರಿ ಮಲಗಿ ಬೆಳಿಗ್ಗೆ ಎದ್ರೆ ಅವ್ರಿವ್ರ ಕಲ್ಲು ಎರಡಡಿ ಈಚ್ಗೆ ಬಂದಿರೋದು. ನಿಮ್ ತಾತ ಕೋರ್ಟು ಅಂದ್ರು. ನಾನು ಒಂದು ಚಿಟಿಕೆ ಕುಂಕುಮ ಇಟ್ಟೆ. ದೇವ್ರನ್ನ ಯಾರ್ ಅಲ್ಲಾಡಿಸ್ತಾರೆ?"

"ಮೊನ್ನೆ ಯಾಕೆ ಹೇಳ್ಲಿಲ್ಲ ಅಜ್ಜಿ?" ಅರ್ಪಿತ ಕೇಳಿದಳು. "ನನ್ನ ಸೀಟೇ ಹೋಗ್ತಿತ್ತು!"

"ಮೂವತ್ ವರ್ಷ ಕೈ ಮುಗ್ದಿದೀನಿ. ನಿಮ್ಮಪ್ಪನ ಅಂಗಡಿಗೆ, ನಿನ್ ಪರೀಕ್ಷೆಗೆ ಎಲ್ಲಾದಕ್ಕೂ ಇವ್ಳ್ನೇ ಕೇಳಿದೀನಿ. ಈಗ ಇದು ಕಲ್ಲು ಅಂತ ಯಾವ್ ಬಾಯಲ್ಲಿ ಹೇಳ್ಲಿ?" ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವಾಗೇ ಕಂಡುಹಿಡೀಲಿ ಅಂತ ಇವ್ಳಿಗೇ ಹರಕೆ ಹೊತ್ತಿದ್ದೆ," ಎಂದಳು.

ಕೆಂಪು ಚುಕ್ಕಿ ಕಲ್ಲಿನಿಂದ ಹೊರಟು ದಕ್ಷಿಣದ ಗೋಡೆ ಮುಟ್ಟಿತು. ಹದಿನೆಂಟು ಪಾಯಿಂಟ್ ಇಪ್ಪತ್ತೊಂಬತ್ತು ಮೀಟರ್. ಪತ್ರದಲ್ಲಿದ್ದಂತೆಯೇ ಅರವತ್ತು ಅಡಿ. ಭಾರ್ಗವ ಕಲ್ಲಿನ ಮುಂದೆಯೇ ಕುಳಿತು ಬರೆದ: ಉತ್ತರಕ್ಕೆ ಬಾಂದುಕಲ್ಲು. ಸ್ಥಳದಲ್ಲಿದೆ. ಪೂಜೆಯಲ್ಲಿದೆ.

ಮ್ಯಾನೇಜರ್ ಅದನ್ನು ಎರಡು ಸಲ ಓದಿ ನಕ್ಕರಂತೆ. ಜೂನ್ ಇಪ್ಪತ್ತೆಂಟಕ್ಕೆ ಡೆಪಾಸಿಟ್ ಕಟ್ಟಿದ್ದಾಯಿತು.

ಆಮೇಲೂ ಅವನು ಬರುತ್ತಿದ್ದ. ಜುಲೈಯಲ್ಲಿ ಛಾವಣಿ ಸೋರುತ್ತದೇನೋ ನೋಡಲು, ಆಗಸ್ಟಿನಲ್ಲಿ ಅಜ್ಜಿಗೆ ಕಲ್ಲುಹೂವಿನ ಪೊಟ್ಟಣ ಕೊಡಲು. ಕಾಫಿಯ ಮಟ್ಟ ಒಂದು ದಿನವೂ ಸಮವಾಗಲಿಲ್ಲ. ಆಡಬೇಕಾದ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ.

ಸೆಪ್ಟೆಂಬರಿನ ಆ ಬೆಳಿಗ್ಗೆ ಹತ್ತಕ್ಕೆ ಟ್ಯಾಕ್ಸಿ. ಒಂಬತ್ತೂವರೆಗೆ ಭಾರ್ಗವ ಮಾರಮ್ಮನ ಕಟ್ಟೆಯ ಪಕ್ಕ ಬರಿಗೈಯಲ್ಲಿ ನಿಂತಿದ್ದ.

"ಇವತ್ತು ಯಾವ ಅಳತೆ?" ಅರ್ಪಿತ ಕೇಳಿದಳು.

"ಒಂದು ನಿಜ ಹೇಳ್ಲಾ? ಮೊದಲನೇ ದಿನ ಕಲ್ಲು ಸಿಗದಾಗ ಒಂದು ಕ್ಷಣ ಖುಷಿ ಆಯ್ತು. ಸಿಗದೇ ಇದ್ರೆ ನೀವು ಇಲ್ಲೇ ಇರ್ತೀರಲ್ಲ ಅಂತ." ಅವನು ಕಲ್ಲನ್ನು ನೋಡುತ್ತಲೇ ಹೇಳಿದ. "ನಾಚಿಕೆ ಆಯ್ತು. ಅದಕ್ಕೇ ಬುಧವಾರ ಮತ್ತೆ ಬಂದು ಸಂದಿಯೆಲ್ಲ ಕೆದಕ್ದೆ."

ಅವಳಿಗೆ ಆ ಕ್ರಿಕೆಟ್ ಬಾಲುಗಳು, ಆ ಬೀಗ, ಹುಬ್ಬಿನ ಮೇಲಿನ ಮಣ್ಣಿನ ಗೆರೆ ನೆನಪಾದವು. ತನ್ನನ್ನು ಇಷ್ಟಪಟ್ಟವನೇ ತಾನು ಹೊರಡುವ ದಾರಿಗಾಗಿ ಅಷ್ಟು ಬಗ್ಗಿ ಹುಡುಕಿದ್ದ.

"ಒಂದು ವರ್ಷ," ಎಂದಳು.

"ಗೊತ್ತು."

"ಕಲ್ಲುಹೂವು ಒಂದು ವರ್ಷದಲ್ಲಿ ಎಷ್ಟು ಬೆಳೆಯುತ್ತೆ ಹೇಳಿ?"

"ಒಂದು ಮಿಲಿಮೀಟರ್. ನೀವೇ ಹೇಳಿದ್ದು."

"ಅಷ್ಟೇ ದೂರ."

ಗೇಟಿನ ಹೊರಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಅಪ್ಪ ಸೂಟ್‌ಕೇಸ್ ಎತ್ತಿಕೊಂಡು ಹೊರಟರು. ಅರ್ಪಿತ ಬಗ್ಗಿ, ಕಲ್ಲಿನ ಮೇಲಿನ ಕುಂಕುಮಕ್ಕೆ ಬೆರಳು ಅದ್ದಿ, ತಿರುಗಿ ಭಾರ್ಗವನ ಹಣೆಗೆ ಒತ್ತಿದಳು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ.

"ಇದೇನು?"

"ನಮ್ಮನೇಲಿ ಹೀಗೇ," ಎಂದಳು. "ನಾನು ವಾಪಸ್ ಬರೋವರೆಗೆ ಯಾರೂ ಅಲ್ಲಾಡಿಸಬಾರದು ನಿನ್ನ."

ಜಗುಲಿಯ ಮೇಲಿದ್ದ ಅಜ್ಜಿ ಎಲ್ಲವನ್ನೂ ನೋಡಿ, ಏನೂ ಕಾಣದವಳಂತೆ ಮೊರದ ಕಡೆ ತಲೆ ತಗ್ಗಿಸಿದಳು.