ಕುರಿ ಎಣಿಸದ ಊರು

ಹದಿನಾಲ್ಕು ಮನೆ, ಹದಿನಾಲ್ಕರಲ್ಲೂ ಸರಿಯಾಗಿ ಅರವತ್ತು ಕುರಿ! ಲ್ಯಾಪ್‌ಟಾಪ್ ನೋಡಿ ಸುರಭಿಗೆ ತಲೆ ಕೆಟ್ಟುಹೋಯಿತು. ಸಿದ್ಧ ಕುರಿ ಸಾಕುವ ಮನೆಯ ಮಗ, ಮೇಲೆ ತನ್ನ ಎಂಎಸ್ಸಿ ಕ್ಲಾಸ್‌ಮೇಟ್ ಬೇರೆ. ಇಂಥ ಲೆಕ್ಕ ಕಳಿಸುವುದೇ? ಫೋನ್ ಹಚ್ಚಿದಳು.

"ಸಿದ್ಧಾ, ನಿಮ್ಮ ಮೈಂದರ್ಗಿ ಕುರಿ ಏನು ಫ್ಯಾಕ್ಟರಿಯೊಳಗ ತಯಾರಾಗ್ತಾವೇನು?"

"ಹೌದು, ಸೋಲಾಪುರದ ಚಿಂಚೋಳಿ ಎಂಐಡಿಸಿ ಕಾರ್ಖಾನಿಯೊಳಗ."

"ನಗಬ್ಯಾಡ!"

"ನಮ್ಮ ಮಂದಿ ಕುರಿ ಎಣಿಸಿ ಹೇಳಂಗಿಲ್ಲ ಸುರಭಿ. ಬೀರೋಬಾ ದೇವ್ರು ಕೊಟ್ಟದ್ದು, ಎಣಿಸಿದ್ರ ದೃಷ್ಟಿ ತಾಗ್ತದಂತ. ನಾ ಏನ್ ಮಾಡ್ಲಿ?"

"ಸುಳ್ಳು ಬರಿ ಅಂತ ನಾ ಹೇಳಿದ್ನೇನು? ನಾಳೆ ನಾನs ಬರ್ತೀನಿ."

ಸಿಟ್ಟು ಅವನೊಬ್ಬನ ಮೇಲಿನದಲ್ಲ. ಕುರಿಗಳ ಹೊಟ್ಟೆಹುಳದ ಅಧ್ಯಯನಕ್ಕೆ ಎರಡೇ ಇಂಟರ್ನ್‌ಶಿಪ್. ಒಂದು ಹಟ್ಟಿಗಳಿಗೆ ಹೋಗಿ ಕುರಿ ಹಿಡಿದು ಪರೀಕ್ಷಿಸುವುದು, ಇನ್ನೊಂದು ಸೋಲಾಪುರದಲ್ಲಿ ಕೂತು ಡೇಟಾ ನೋಡುವುದು. ಒಂದು ವಾರದ ಟ್ರಯಲ್‌ಗೆ ಹೆಡ್ ಸರ್ ತಾವೇ ಹಂಚಿಬಿಟ್ಟಿದ್ದರು: ಕುರಿಯವರ ಹುಡುಗ ಹಟ್ಟಿಗೆ, ಗುಮಾಸ್ತರ ಮಗಳು ಕಂಪ್ಯೂಟರಿಗೆ. ತಾಯಿ ಅಂಬಾಬಾಯಿಗಂತೂ ಮಗಳ ಕೈ ಹೊಲಸಾಗುವುದಿಲ್ಲವೆಂದು ಖುಷಿಯೋ ಖುಷಿ. ಎರಡು ತಿಂಗಳಿಗೆ ಯಾವುದು ಬೇಕೆಂದು ನಾಳೆ ಐದು ಗಂಟೆಯೊಳಗೆ ಇಬ್ಬರೂ ಫಾರ್ಮ್‌ನಲ್ಲಿ ಬರೆದು ಕೊಡಬೇಕಿತ್ತು.

ಮರುದಿನ ಮೈಂದರ್ಗಿಯ ಹಟ್ಟಿಯಲ್ಲಿ ಸಿದ್ಧನ ತಾಯಿ ಸುಗಲಾಬಾಯಿ ಚಹಾ ಕೊಟ್ಟಳು.

"ಮಾವಶಿ, ಎಷ್ಟು ಕುರಿ ಅದಾವ್ರಿ?"

"ಅದಾವಲ್ಲ ತಂಗಿ, ಸಾಕಷ್ಟು."

ಸಿದ್ಧ ಮುಖ ಆ ಕಡೆ ತಿರುಗಿಸಿ ನಗು ನುಂಗಿದ. ಕೆನ್ನೆಯಲ್ಲಿ ಬಿದ್ದ ಗುಳಿ ಮಾತ್ರ ಬಚ್ಚಿಡಲಾಗಲಿಲ್ಲ. ಸಿಟ್ಟಿನ ನಡುವೆಯೂ ಅದನ್ನೇ ನೋಡುತ್ತ ನಿಂತದ್ದಕ್ಕೆ ಸುರಭಿಗೆ ತನ್ನ ಮೇಲೆಯೇ ಕೋಪ ಬಂತು.

"ಹೋಗ್ಲಿ ಮಾವಶಿ, ಹೆಸರು ಹೇಳ್ತೀರೇನ್ರಿ?"

"ಹೆಸರು ಯಾಕ ಹೇಳಬಾರ್ದು!" ಸುಗಲಾಬಾಯಿಯ ಮುಖ ಅರಳಿತು. "ಇಕಿ ಕೆಂಚಿ, ಅಕಿ ಮೋಟಕಿವಿ, ಅಲ್ಲಿ ಓಡ್ಯಾಡತಾಳಲ್ಲ, ಬಿಳಿಮೂಗಿ..."

ಲ್ಯಾಪ್‌ಟಾಪಿನಲ್ಲಿ ಒಂದೊಂದು ಹೆಸರಿಗೆ ಒಂದೊಂದು ಸಾಲು. ಎಣಿಕೆ ಕಂಪ್ಯೂಟರಿನ ಪಾಲಿಗೆ. ಸಿದ್ಧ ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತ. ಸುರಭಿ ಕುರಿ ಹಿಡಿದಳು. ಮೊದಲನೆಯದೇ ಅವಳನ್ನು ಹಿಕ್ಕೆಯಲ್ಲಿ ಕೆಡವಿತು. ಎದ್ದು ಮತ್ತೆ ಹಿಡಿದಳು, ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಬಿಳಿಚಿದೆಯೋ ನೋಡಿ ಕೂಗಿ ಹೇಳಿದಳು. ಬಿಳಿಚಿದ್ದರೆ ಹುಳ ರಕ್ತ ಹೀರಿದೆ ಅಂತ ಅರ್ಥ. ಸಂಜೆಯಾಗುವಷ್ಟರಲ್ಲಿ ಅವಳ ಚೂಡಿದಾರದ ಬಣ್ಣವೇ ಗುರುತು ಸಿಗುತ್ತಿರಲಿಲ್ಲ. ವಾರದಲ್ಲಿ ಮೊದಲ ಸಲ ಅವಳಿಗೆ ಚೆನ್ನಾಗಿ ಹಸಿವಾಗಿತ್ತು.

"ಇಲ್ಲಿ ಬಾ," ಸಿದ್ಧ ಕರೆದ. "ಬಿಳಿಚಿದ್ದೆಲ್ಲ ಕೆರಿ ಕಡೆ ಮೇಯೂ ಕುರಿನs ನೋಡು!" ಅವನ ಕಣ್ಣಲ್ಲಿ ಅಂಥ ಹುರುಪು ಅವಳು ಕಂಡೇ ಇರಲಿಲ್ಲ.

"ಫಾರ್ಮ್‌ನ್ಯಾಗ ಏನ್ ಬರದಿ?" ಸುರಭಿ ಕೇಳಿದಳು.

"ಫೀಲ್ಡ್, ಹಟ್ಟಿ ಕೆಲಸ. ನಿನ್ನೆನs ಕಳಿಸೀನಿ."

"ಯಾಕ?"

"ಒಂದs ಸೀಟ್ ಅದಲ್ಲ. ಡೇಟಾ ನಿನಗಿರ್ಲಿ ಅಂತ."

ಸುರಭಿ ಅವನ ಎದುರಿಗೆ ಬಂದು ನಿಂತಳು. "ಸರ್ ಕೇಳಲಿಲ್ಲ, ನಮ್ಮವ್ವ ಕೇಳಲಿಲ್ಲ. ನೀ ಒಬ್ಬನರೆ ಕೇಳ್ತಿ ಅಂದ್ಕೊಂಡಿದ್ದೆ. ನೀನೂ ನನ್ನ ಕೇಳದs ಬರದಿ!"

ಅವನು ಲ್ಯಾಪ್‌ಟಾಪ್ ಬದಿಗಿಟ್ಟು ಅವಳನ್ನೇ ನೋಡಿದ.

"ತಪ್ಪಾತು. ಈಗ ಕೇಳ್ತೀನಿ. ನಿನಗೇನು ಬೇಕು?"

"ಇದು," ಎಂದು ಹೊಲಸಾದ ಎರಡೂ ಅಂಗೈ ಚಾಚಿದಳು. "ನಿನಗ?"

"ಹುಟ್ಟಿದಾಗಿಂದ ಕುರಿ ಹಿಂದs ತಿರುಗೀನಿ. ನನಗ ಆ ಡೇಟಾ ಬೇಕಿತ್ತು."

ಐದಕ್ಕೆ ಇಪ್ಪತ್ತು ನಿಮಿಷ ಬಾಕಿ ಇತ್ತು. ಹೆಡ್ ಸರ್‌ಗೆ ಫೋನ್ ಮಾಡಿ ಸಿದ್ಧನೇ ತನ್ನ ಆಯ್ಕೆ ಬದಲಿಸಿದ. ಸುರಭಿ ತನ್ನ ಫಾರ್ಮ್ ಕಳಿಸಿದಳು. ಆಮೇಲಷ್ಟೇ ಇಬ್ಬರಿಗೂ ಹೊಳೆಯಿತು.

"ಅಂದ್ರ ಎರಡು ತಿಂಗಳು ನಾ ನಿಮ್ಮ ಊರಾಗ, ನೀ ನಮ್ಮ ಸೋಲಾಪುರದಾಗ!"

"ಸಂಜಿಗೆ ನೀ ಆ ಕಡೆ ಹೋಗಾಕಿ, ನಾ ಈ ಕಡೆ ಬರಾಂವ. ನಡುವ ಅಕ್ಕಲಕೋಟ ಬಸ್ ಸ್ಟ್ಯಾಂಡಿನ್ಯಾಗ ಹತ್ತು ನಿಮಿಷ ಸಿಗ್ತದ."

"ಹತ್ತು ನಿಮಿಷ ನನಗ ಸಾಲಂಗಿಲ್ಲ ಸಿದ್ಧಾ," ಅವಳು ನೇರವಾಗಿಯೇ ಹೇಳಿಬಿಟ್ಟಳು. "ನೀ ನನಗ ಭಾಳ ಬೇಕಾಗೀದಿ."

ಅವನ ಕಿವಿ ಕೆಂಪಾದವು.

"ಹಂಗಾದ್ರ ದಿನಾ ಒಂದು ಎಸ್‌ಟಿ ಬಸ್ ಹತ್ತದs ಬಿಟ್ಟುಬಿಡು," ಅಂದ ಮೆಲ್ಲಗೆ. "ನಾನೂ ಬಿಡ್ತೀನಿ."