ಎಕ್ಸ್-ರೇ ರೂಮಿನ ಚಕ್ರವರ್ತಿ

ಹಲ್ಲಿನ ಡಾಕ್ಟರ್ ಡ್ರಿಲ್ ಆನ್ ಮಾಡಿ ನನ್ನ ಕಣ್ಣಿನ ಹತ್ತಿರಕ್ಕೇ ತಂದ.

ಗುಯ್ಯ್...

"ಬಾಗಿಲು ಬಿಟ್ಟು ಈಚೆ ಬಾ! ಹನ್ನೆರಡು ಗಂಟೆವರೆಗೂ ಅದನ್ನ ತೆಗೆಯಲ್ಲ!"

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ನನ್ನ ಬೆನ್ನಿಗೆ ಎಕ್ಸ್-ರೇ ರೂಮಿನ ಬಾಗಿಲು. ಅದರಾಚೆ ಭೂಗೋಳದ ಮೇಷ್ಟ್ರು, ನಿನ್ನೆ ಸಂಜೆಯಿಂದ ಇನ್ಸುಲಿನ್ ಇಲ್ಲದೆ!

ಹುಡುಕಿಕೊಡಿ ಎಂದು ಬೆಳಿಗ್ಗೆ ನನ್ನ ಪತ್ತೇದಾರಿ ಆಫೀಸಿಗೆ ಬಂದವಳು ಅವನ ಹೆಂಡತಿ. "ಹಲ್ಲುನೋವು ಅಂತ ಹೋದೋರು ಬರಲೇ ಇಲ್ಲ" ಎಂದಳು. ಆಮೇಲೆ ಅಸಲಿ ವಿಷಯ ಬಂತು. ಹನ್ನೊಂದು ವರ್ಷದಿಂದ ಎಂಟು ಜನ ಕಂಪ್ಯೂಟರಿನಲ್ಲಿ ಒಂದು ಹಳೇ ಗೇಮ್ ಆಡುತ್ತಿದ್ದರಂತೆ. ಭೂಪಟದ ಮೇಲೆ ಸೈನ್ಯ ಓಡಿಸಿ ಇಡೀ ಪ್ರಪಂಚ ಗೆಲ್ಲುವುದು! ಆರು ಜನ ಮಣ್ಣುಮುಕ್ಕಿ ಆಗಿತ್ತು. ಉಳಿದವರು ಮೇಷ್ಟ್ರು, ಈ ಹಲ್ಲಿನ ಡಾಕ್ಟರ್. ಇವತ್ತು ಹನ್ನೆರಡರೊಳಗೆ ಮೇಷ್ಟ್ರು ತನ್ನ ಸರದಿ ಆಡದಿದ್ದರೆ ಔಟ್.

ಅದಕ್ಕೆ ಕಿಡ್ನ್ಯಾಪ್! ಥೂ... ಬ್ಯಾಂಕ್ ದರೋಡೆ ಮಾಡಿದವರನ್ನು ಹಿಡಿದಿದ್ದೇನೆ ನಾನು. ಅವರಿಗಾದರೂ ಚೂರು ಮರ್ಯಾದೆ ಇತ್ತು.

"ಡಾಕ್ಟ್ರೇ, ಒಳಗಿರೋನು ಸತ್ರೆ?"

"ನಾಟಕ! ಒಪ್ಪಂದಕ್ಕೆ ಸೈ ಅಂದು ನನ್ನ ಬಂದರಿಗೇ ಹಡಗು ನುಗ್ಗಿಸಿದೋನು ಅವ್ನು!"

ಬಿಡುವಿದ್ದ ಕೈಯಿಂದ ಕಣ್ಣೊರೆಸಿಕೊಂಡ. ಭಯಕ್ಕಲ್ಲ, ಹೋದ ಬಂದರಿನ ಸಂಕಟಕ್ಕೆ!

ಡ್ರಿಲ್ಲಿನ ಪೈಪು ಹಿಡಿದು ಜಗ್ಗಿದೆ. ಸದ್ದು ನಿಂತಿತು. ನನ್ನ ಮೊಣಕೈ ಅವನ ದವಡೆಗೆ ಬಿತ್ತು. ಒಂದು ಹಲ್ಲು ಉದುರಿತು. ಅವನ ಕಸುಬೇ ಅಲ್ಲವೇ, ಕಟ್ಟಿಕೊಳ್ಳಲಿ.

ಬಾಗಿಲು ಒದ್ದು ತೆರೆದರೆ, ಮೇಷ್ಟ್ರು ನೆಲದ ಮೇಲೆ ಬಿದ್ದಿದ್ದ. ತುಟಿ ಒಣಗಿ, ಉಸಿರು ಏದುಸಿರಾಗಿ... ಹೆಗಲ ಮೇಲೆ ಹಾಕಿಕೊಂಡು ಓಡಿದೆ, ಕಾರಿಗೆ ತುಂಬಿ ಆಸ್ಪತ್ರೆ ಕಡೆ ಬಿಟ್ಟೆ.

"ಗಂಟೆ ಎಷ್ಟು?" ಎಂದ ಮೇಷ್ಟ್ರು.

"ಹನ್ನೊಂದೂ ಮುಕ್ಕಾಲು."

"ಆಸ್ಪತ್ರೆ ಬೇಡ! ಮನೆಗೆ ನಡೀರಿ! ಅವನ ರಾಜಧಾನಿ ಒಂದೇ ಬಾಕಿ!"

ಓಡುವ ಕಾರಿನ ಬಾಗಿಲು ತೆಗೆಯಲು ಎರಡು ಸಲ ಕೈ ಹಾಕಿದ!

ಹಿಂದೆಯೇ ಡಾಕ್ಟರನ ಕಾರು. ಬಾಯಿ ತುಂಬ ರಕ್ತ, ಕೈ ಹಾರ್ನ್ ಮೇಲೆ. ಮಾರ್ಕೆಟ್ಟಿನ ಮೂಲೆಯಲ್ಲಿ ಗಕ್ಕನೆ ಸ್ಟೀರಿಂಗ್ ತಿರುಗಿಸಿದೆ. ಅವನಿಗೆ ಆಗಲಿಲ್ಲ. ನೇರ ಹೋಗಿ ಪೊಲೀಸ್ ಜೀಪಿಗೇ ಗುದ್ದಿದ! ಸೈನ್ಯವನ್ನು ಖಂಡದಿಂದ ಖಂಡಕ್ಕೆ ದಾಟಿಸುವ ಮಹಾಶಯನಿಗೆ ಒಂದು ಗಲ್ಲಿ ತಿರುಗಲು ಬರಲಿಲ್ಲ.

ಮೂರು ಗಂಟೆಗೆ ಮೇಷ್ಟ್ರು ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ. ಕೈಗೆ ಡ್ರಿಪ್. ಪಕ್ಕದಲ್ಲಿ ಹೆಂಡತಿ. ಅತ್ತೂ ಅತ್ತೂ ಮುಖ ಊದಿತ್ತು.

"ನನ್ನ ಸರದಿ...?"

"ಮನೇಲಿ ನಾನೇ ಆಡ್ಬಿಟ್ಟೆ ಕಣ್ರೀ. ಶರಣಾಗತಿ ಅಂತ ಒಂದು ಬಟನ್ ಇತ್ತು. ಒತ್ತಿದೆ."

"ಅಯ್ಯೋ! ಹಾಗಾದ್ರೆ ಪ್ರಪಂಚ...?"

"ಪೂರ್ತಿ ಆ ಡಾಕ್ಟ್ರಿಗೆ. ಲಾಕಪ್ಪಲ್ಲಿ ಕೂತು ಆಳ್ಕೊಳ್ಳಲಿ."

ಮೇಷ್ಟ್ರು ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತ.

ಐದು ನಿಮಿಷ ಬಿಟ್ಟು ಅದೇ ಚಕ್ರವರ್ತಿ ನರ್ಸನ್ನು ಕರೆದು ಬೆಡ್‌ಪ್ಯಾನ್ ಕೇಳಿದ.